ಎಂಟೂವರೆ ಮೀಟರ್ ಅಂದರೆ ಎಷ್ಟು ನೀರು?

ಜುಲೈ ಬಂತೆಂದರೆ ನಮ್ಮ ಬಳಗದ ಮಾತುಕತೆಯ ಧಾಟಿಯೇ ಬದಲಾಗುತ್ತದೆ. ಇಲ್ಲಿ ದುಬೈಯಲ್ಲೂ ಅಬುಧಾಬಿಯಲ್ಲೂ ಹೊರಗೆ ಕಾಲಿಡಲಾಗದ ಬಿಸಿಲು. ಅಲ್ಲಿ ಊರಿನಲ್ಲಿ ಕೊಡೆ ಮಡಚಲಾಗದ ಮಳೆ. ಪುಸ್ತಕದ ಬಗ್ಗೆ ಮಾತಾಡಲು ಸೇರಿದವರು ಅರ್ಧ ಗಂಟೆಯಲ್ಲಿ ಫೋನ್ ಹಿಡಿದು ಕೂತಿರುತ್ತೇವೆ. "ಬಂಟ್ವಾಳದಲ್ಲಿ ನೇತ್ರಾವತಿ 7.2 ಮೀಟರ್, ಅಪಾಯದ ಮಟ್ಟ 8.5 ಮೀಟರ್" ಎಂಬಂಥ ಒಂದು ಸಾಲು ಬಂದಿರುತ್ತದೆ. ಕೂಡಲೇ ಮನೆಗೆ ಫೋನು. ಆ ಕಡೆಯಿಂದ ಉತ್ತರವೂ ಪ್ರತಿ ವರ್ಷ ಒಂದೇ: "ಏನೂ ಇಲ್ಲ ಮಾರಾಯ, ನೀರು ಕೆಳಗಿನ ತೋಟಕ್ಕೆ ಬಂದದ್ದಷ್ಟೆ. ನೀನು ಅಲ್ಲಿ ಕೂತು ಹೆದರಬೇಡ."

ಹೆದರಬೇಕೋ ಬೇಡವೋ ಎಂಬುದೇ ಪ್ರಶ್ನೆ. ಆ 7.2 ಎನ್ನುವುದನ್ನು ಎಲ್ಲಿಂದ ಅಳೆದದ್ದು? 8.5 ಆದರೆ ಯಾರಿಗೆ ಅಪಾಯ, ನಮ್ಮ ಮನೆಗೋ, ಪೇಟೆಗೋ, ಸೇತುವೆಗೋ? ಉಳಿದ ಒಂದು ಮೀಟರ್ ಮೂವತ್ತು ಸೆಂಟಿಮೀಟರ್ ಏರಲು ಎಷ್ಟು ಹೊತ್ತು ಬೇಕು? ಇಷ್ಟು ತಿಳಿಯದಿದ್ದರೆ ಆ ಸಾಲು ನಮ್ಮ ನಿದ್ದೆ ಕೆಡಿಸುವುದಕ್ಕೆ ಮಾತ್ರ ಉಪಯೋಗ. ತಿಳಿದರೆ, ಊರಿನಲ್ಲಿ ಇಬ್ಬರೇ ಇರುವ ಅಪ್ಪ ಅಮ್ಮನನ್ನು ಕತ್ತಲಾಗುವ ಮೊದಲು ಮೇಲಿನ ಮನೆಗೆ ಕಳಿಸುವುದಕ್ಕೆ ಅದು ಸಾಕು. ಬಳಗದಲ್ಲಿ ಕರಾವಳಿಯವರೇ ಹೆಚ್ಚಿರುವುದರಿಂದ ನೇತ್ರಾವತಿಯನ್ನೇ ಹಿಡಿದು ಹೇಳುತ್ತೇವೆ. ಕೊಡಗಿನವರು, ಬಾಗಲಕೋಟೆಯವರು, ಕಾಸರಗೋಡಿನವರು ತಮ್ಮ ತಮ್ಮ ಹೊಳೆಯ ಹೆಸರು ಹಾಕಿಕೊಂಡು ಓದಬಹುದು.

ಮೊದಲು ಹೊಳೆಯ ಸ್ವಭಾವ. ನೇತ್ರಾವತಿ ಕುದುರೆಮುಖದ ಆಸುಪಾಸಿನ ಘಟ್ಟದಲ್ಲಿ ಹುಟ್ಟಿ, ಧರ್ಮಸ್ಥಳವನ್ನು ಹಾದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟ್ವಾಳ, ಪಾಣೆಮಂಗಳೂರು, ತುಂಬೆ ದಾಟಿ ಮಂಗಳೂರಿನಲ್ಲಿ ಕಡಲು ಸೇರುತ್ತದೆ. ಉದ್ದ ಹೆಚ್ಚೆಂದರೆ ನೂರು ಕಿಲೋಮೀಟರಿನ ಆಚೀಚೆ. ಆದರೆ ಅದಕ್ಕೆ ನೀರು ಕೊಡುವ ಪ್ರದೇಶ 3,000 ಚದರ ಕಿಲೋಮೀಟರಿಗೂ ಹೆಚ್ಚು, ಅದೂ ದೇಶದಲ್ಲಿ ಅತಿ ಹೆಚ್ಚು ಮಳೆ ಬೀಳುವ ಪ್ರದೇಶಗಳಲ್ಲೊಂದಾದ ಕಡಿದಾದ ಘಟ್ಟ. ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಚದರ ಕಿಲೋಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಹತ್ತು ಲಕ್ಷ ಲೀಟರ್ ನೀರು. ಇಡೀ ಪ್ರದೇಶದಲ್ಲಿ ಒಂದು ದಿನ 100 ಮಿಲಿಮೀಟರ್ ಬಿದ್ದರೆ ಸುಮಾರು ಹತ್ತೂವರೆ ಟಿಎಂಸಿ! ಎಲ್ಲವೂ ಹೊಳೆಗೆ ಬರುವುದಿಲ್ಲ, ನಿಜ. ಆದರೆ ಜೂನ್ ಪೂರ್ತಿ ನೆನೆದು ತಣಿದ ಮಣ್ಣು ಜುಲೈ ಕೊನೆಯಲ್ಲಿ ಹೆಚ್ಚು ಕುಡಿಯುವುದೂ ಇಲ್ಲ. ಜೂನಿನ ಮೊದಲ ದೊಡ್ಡ ಮಳೆಗೆ ಏನೂ ಆಗದ ತೋಟ ಆಗಸ್ಟಿನಲ್ಲಿ ಅಷ್ಟೇ ಮಳೆಗೆ ಮುಳುಗುವುದು ಇದೇ ಕಾರಣಕ್ಕೆ.

ಇನ್ನೊಂದು ಮುಖ್ಯ ಮಾತು. ಕಾವೇರಿಗೆ ಕೆಆರ್‌ಎಸ್ ಇದ್ದಂತೆ, ಕೃಷ್ಣೆಗೆ ಆಲಮಟ್ಟಿ ಇದ್ದಂತೆ ನೇತ್ರಾವತಿಗೆ ನೆರೆಯನ್ನು ತಡೆದು ಹಿಡಿಯುವ ದೊಡ್ಡ ಅಣೆಕಟ್ಟಿಲ್ಲ. ತುಂಬೆಯಲ್ಲಿರುವುದು ಕಿಂಡಿ ಅಣೆಕಟ್ಟು. ಮಳೆಗಾಲದಲ್ಲಿ ಅದರ ಬಾಗಿಲು ತೆರೆದಿರುತ್ತವೆ; ಬೇಸಿಗೆಯಲ್ಲಿ ಮಂಗಳೂರಿಗೆ ಕುಡಿಯುವ ನೀರು ಕೊಡುವುದು ಅದರ ಕೆಲಸ. ಏಪ್ರಿಲಿನಲ್ಲಿ "ತುಂಬೆಯಲ್ಲಿ ನೀರಿನ ಮಟ್ಟ 5 ಮೀಟರ್" ಎಂದು ಬರುವ ಸುದ್ದಿ ನೀರು ಸಾಲದೆಂಬ ಚಿಂತೆಯದ್ದು. ಜುಲೈಯಲ್ಲಿ ಬರುವ ಬಂಟ್ವಾಳದ ಅಂಕಿ ನೀರು ಹೆಚ್ಚಾಯಿತೆಂಬ ಚಿಂತೆಯದ್ದು. ಒಂದೇ ಹೊಳೆ, ಒಂದೇ ಮೀಟರ್, ಎರಡೂ ಬೇರೆ ಬೇರೆ ಪಟ್ಟಿ. ಇವನ್ನು ಒಂದಕ್ಕೊಂದು ಹೋಲಿಸಿ ಚರ್ಚೆ ಮಾಡುವವರು ನಮ್ಮ ನಡುವೆಯೇ ಇದ್ದಾರೆ, ಹೆಸರು ಹೇಳುವುದಿಲ್ಲ!

ಅಳತೆ ನಡೆಯುವುದು ಹೀಗೆ. ಸೇತುವೆಯ ಕಂಬಕ್ಕೋ ದಡದ ಮೆಟ್ಟಿಲಿಗೋ ಅಡಿಕೋಲಿನಂತೆ ಗೆರೆ ಬರೆದ ಪಟ್ಟಿ ನಿಲ್ಲಿಸಿರುತ್ತಾರೆ. ನೀರು ಯಾವ ಗೆರೆಗೆ ತಾಗಿದೆ ಎಂದು ನೋಡಿ ಬರೆದುಕೊಳ್ಳುವುದು. ಮಳೆಗಾಲದಲ್ಲಿ ಗಂಟೆಗೊಮ್ಮೆ, ರಾತ್ರಿಯಲ್ಲೂ. ಈಗ ಹಲವೆಡೆ ಸೇತುವೆಯ ಕೆಳಗೆ ರೇಡಾರ್ ಉಪಕರಣವೂ ಇದೆ. ಅದು ನೀರಿನ ಆಳ ಅಳೆಯುವುದಿಲ್ಲ. ತನ್ನಿಂದ ನೀರಿನ ಮೇಲ್ಮೈಗೆ ಎಷ್ಟು ದೂರ ಎಂದು ನೋಡುತ್ತದೆ, ಆ ದೂರ ಕಡಿಮೆಯಾದಷ್ಟೂ ಹೊಳೆ ಏರಿದೆ ಎಂದರ್ಥ. ಮಾಹಿತಿ ಉಪಗ್ರಹದ ಮೂಲಕ ಕೇಂದ್ರ ಜಲ ಆಯೋಗಕ್ಕೆ ಹೋಗುತ್ತದೆ. ಈ ಆಯೋಗ 1958ರಲ್ಲಿ ದಿಲ್ಲಿಯ ಹಳೆಯ ರೈಲು ಸೇತುವೆಯಲ್ಲಿ ಯಮುನೆಯ ಮಟ್ಟವನ್ನು ಮುನ್ಸೂಚಿಸುವ ಮೂಲಕ ಈ ಕೆಲಸ ಆರಂಭಿಸಿತು. 2023ರಲ್ಲಿ 'ಫ್ಲಡ್‌ವಾಚ್ ಇಂಡಿಯಾ' ಎಂಬ ಆ್ಯಪ್ ಕೂಡ ಬಂತು. ದೇರಾದಲ್ಲಿ ಕೂತವರಿಗೂ ದೇರಳಕಟ್ಟೆಯಲ್ಲಿ ಕೂತವರಿಗೂ ಅದು ತೋರಿಸುವುದು ಒಂದೇ ಅಂಕಿ.

ಆದರೆ 'ಸೊನ್ನೆ' ಎಲ್ಲಿದೆ ಎಂಬುದನ್ನು ನೋಡಿಕೊಳ್ಳಬೇಕು. ಬಂಟ್ವಾಳದ 8.5 ಎನ್ನುವುದು ಅಲ್ಲಿನ ಸ್ಥಳೀಯ ಪಟ್ಟಿಯ ಅಂಕಿ. ಉಪ್ಪಿನಂಗಡಿಯ ಸುದ್ದಿಯಲ್ಲಿ ಬರುವುದು ಮೂವತ್ತು ಮೀಟರಿನ ಆಸುಪಾಸಿನ ಅಂಕಿ, ಯಾಕೆಂದರೆ ಅದು ಸಮುದ್ರ ಮಟ್ಟದಿಂದ ಎಣಿಸಿದ್ದು. ಉಪ್ಪಿನಂಗಡಿಯಲ್ಲಿ ಮೂವತ್ತು ಮೀಟರ್ ಆಳದ ನೀರು ನಿಂತಿದೆ ಎಂದಲ್ಲ! ಆಲಮಟ್ಟಿಯ ಪೂರ್ಣ ಮಟ್ಟ 519.60 ಮೀಟರ್ ಎಂದಾಗಲೂ ಅದು ಸಮುದ್ರ ಮಟ್ಟದಿಂದಲೇ. ಕೆಆರ್‌ಎಸ್‌ನ 124.80 ಅಡಿ ಮಾತ್ರ ಅಣೆಕಟ್ಟಿನದೇ ಲೆಕ್ಕ. ಹೀಗಾಗಿ ಎರಡು ಊರಿನ ಅಂಕಿಗಳನ್ನು ಪಕ್ಕ ಪಕ್ಕ ಇಟ್ಟು ನೋಡುವುದರಿಂದ ಪ್ರಯೋಜನವಿಲ್ಲ. ಒಂದೇ ಪಟ್ಟಿಯ ಈಗಿನ ಅಂಕಿಯನ್ನು ಅದೇ ಪಟ್ಟಿಯ ಅಪಾಯದ ಮಟ್ಟದ ಜೊತೆ ಹೋಲಿಸಬೇಕು, ಅಷ್ಟೇ.

ಜಲ ಆಯೋಗ ಪ್ರತಿ ಕೇಂದ್ರಕ್ಕೂ ಮೂರು ಗೆರೆ ಹಾಕಿಕೊಂಡಿರುತ್ತದೆ: ಎಚ್ಚರಿಕೆಯ ಮಟ್ಟ, ಅಪಾಯದ ಮಟ್ಟ, ಹಾಗೂ ಇದುವರೆಗೆ ದಾಖಲಾದ ಅತಿ ಎತ್ತರದ ನೆರೆಯ ಮಟ್ಟ. ಎಚ್ಚರಿಕೆ ದಾಟಿದರೆ ಹಳದಿ, ಅಪಾಯ ದಾಟಿದರೆ ಕಿತ್ತಳೆ, ಹಳೆಯ ದಾಖಲೆಯನ್ನೇ ಮುಟ್ಟಿದರೆ ಕೆಂಪು. ಇಲ್ಲಿ ಒಂದು ಗೊಂದಲವಿದೆ, ಅದನ್ನು ಬಿಡಿಸಿಯೇ ಮುಂದೆ ಹೋಗಬೇಕು. ಹವಾಮಾನ ಇಲಾಖೆಯೂ ಹಳದಿ, ಕಿತ್ತಳೆ, ಕೆಂಪು ಎನ್ನುತ್ತದೆ. ಆದರೆ ಅದು ಬೀಳಲಿರುವ ಮಳೆಯ ಬಗ್ಗೆ. ಇಪ್ಪತ್ತನಾಲ್ಕು ಗಂಟೆಗಳಲ್ಲಿ 204.4 ಮಿಲಿಮೀಟರಿಗೂ ಹೆಚ್ಚು ಬೀಳುವ ಸಂಭವವಿದ್ದರೆ ಸಾಮಾನ್ಯವಾಗಿ ಕೆಂಪು. 'ದಕ್ಷಿಣ ಕನ್ನಡಕ್ಕೆ ರೆಡ್ ಅಲರ್ಟ್' ಎಂದರೆ ಹೊಳೆ ಕೆಂಪಾಯಿತೆಂದಲ್ಲ. ತದ್ವಿರುದ್ಧವಾಗಿ, ಮಳೆ ನಿಂತು ಬಿಸಿಲು ಇಣುಕಿದ ಮಧ್ಯಾಹ್ನ ಮಳೆಯ ಎಚ್ಚರಿಕೆ ಹಳದಿಗೆ ಇಳಿದಿದ್ದರೂ ಘಟ್ಟದಿಂದ ಹೊರಟ ನೀರು ಬಂಟ್ವಾಳಕ್ಕೆ ಆಗ ತಾನೇ ತಲುಪುತ್ತಿರಬಹುದು. ಎರಡು ಬಣ್ಣಗಳಲ್ಲಿ ಮನೆಯವರನ್ನು ಎಬ್ಬಿಸಬೇಕಾದದ್ದು ಹೊಳೆಯ ಬಣ್ಣ.

ನಮ್ಮ ಮಟ್ಟಿಗೆ ಎತ್ತರಕ್ಕಿಂತ ಮುಖ್ಯವಾದದ್ದು ಏರುವ ವೇಗ. ಒಂದು ಅಂಕಿಯಿಂದ ಏನೂ ತಿಳಿಯದು, ಎರಡು ಬೇಕು. ಉದಾಹರಣೆಗೆ ಸಂಜೆ 4 ಗಂಟೆಗೆ 6.2 ಮೀಟರ್, 6 ಗಂಟೆಗೆ 6.8 ಮೀಟರ್ ಎಂದಿಟ್ಟುಕೊಳ್ಳೋಣ. ಎರಡು ಗಂಟೆಯಲ್ಲಿ 60 ಸೆಂಟಿಮೀಟರ್, ಅಂದರೆ ಗಂಟೆಗೆ 30. 8.5ಕ್ಕೆ ಉಳಿದದ್ದು 1.7 ಮೀಟರ್. ಇದೇ ವೇಗವಿದ್ದರೆ ಸುಮಾರು ಐದೂಮುಕ್ಕಾಲು ಗಂಟೆ. ನಡುರಾತ್ರಿಯ ಹೊತ್ತಿಗೆ ಅಪಾಯದ ಮಟ್ಟ! "ಇನ್ನೂ ಒಂದು ಮುಕ್ಕಾಲು ಮೀಟರ್ ಇದೆಯಲ್ಲ" ಎಂದು ಸಂಜೆ ಸಮಾಧಾನ ಮಾಡಿಕೊಂಡ ಮನೆಯವರು ಕರೆಂಟು ಹೋದ ಕತ್ತಲಲ್ಲಿ ಎದ್ದು ದೋಣಿ ಕಾಯಬೇಕಾಗುತ್ತದೆ. ಅದೇ 6.8 ಮೀಟರ್ ನಿನ್ನೆಯಿಂದ ಅಲ್ಲೇ ನಿಂತಿದ್ದರೆ ಊಟ ಮಾಡಿ ಮಲಗಬಹುದು. ಈ ಲೆಕ್ಕ ಗೆರೆ ಎಳೆದಂತೆ ನಡೆಯುವುದಿಲ್ಲ. ಹೊಳೆ ದಡ ಮೀರಿ ಗದ್ದೆಗೆ ಹರಡಿದಾಗ ಏರುವ ವೇಗ ತಗ್ಗುತ್ತದೆ. ಮೇಲೆ ಮಳೆ ಜೋರಾದರೆ ಹೆಚ್ಚುತ್ತದೆ. ತುಂಬೆಯಿಂದ ಕೆಳಗಿನವರಿಗೆ ಕಡಲಿನ ಭರತವೂ ಸೇರಿಕೊಂಡು ನೀರು ಹೊರಹೋಗಲು ತಡೆಯಾಗುತ್ತದೆ. ಆದರೂ ಸುಮ್ಮನೆ ಊಹಿಸುವುದಕ್ಕಿಂತ ಇದು ಎಷ್ಟೋ ವಾಸಿ.

ಇಲ್ಲಿ ನಮಗೊಂದು ಅನುಕೂಲವೂ ಇದೆ. ಊರಿನಲ್ಲಿ ರಾತ್ರಿ 1 ಗಂಟೆಯಾದಾಗ ಇಲ್ಲಿ 11:30. ಅವರು ನಿದ್ದೆಯಲ್ಲಿರುವಾಗ ನಾವು ಇನ್ನೂ ಪಾತ್ರೆ ತೊಳೆಯುತ್ತಿರುತ್ತೇವೆ. ಕಾವಲು ಕೂರಲು ಇದಕ್ಕಿಂತ ಒಳ್ಳೆಯ ಜಾಗ ಯಾವುದು?

ಕಾವಲು ಕೂತವರು ತಮ್ಮ ಊರಿನ ಅಂಕಿಯನ್ನಲ್ಲ, ಅದಕ್ಕಿಂತ ಮೇಲಿನ ಊರಿನದನ್ನು ಮೊದಲು ನೋಡಬೇಕು. ಬಂಟ್ವಾಳದವರಿಗೆ ಉಪ್ಪಿನಂಗಡಿ. ಅಲ್ಲಿ ಎರಡು ಹೊಳೆಗಳೂ ತುಂಬಿ ಸಹಸ್ರಲಿಂಗೇಶ್ವರ ದೇವಸ್ಥಾನದ ಎದುರು ಒಂದಾದರೆ ಅದನ್ನು 'ಸಂಗಮ' ಎಂದು ಪೂಜೆ ಮಾಡುತ್ತಾರೆ, ಜನ ತೀರ್ಥಸ್ನಾನಕ್ಕೆ ಸೇರುತ್ತಾರೆ. 2019ರ ಆಗಸ್ಟಿನಲ್ಲಿ ಹಾಗಾಗಿತ್ತು. ಮೇಲೆ ಪೂಜೆಯಾದ ನೀರು ಕೆಲವು ಗಂಟೆಗಳಲ್ಲಿ ಕೆಳಗೆ ಪಾಣೆಮಂಗಳೂರಿನ ಆಲಡ್ಕ, ಗೂಡಿನಬಳಿ, ನಂದಾವರ, ಬಂಟ್ವಾಳದ ಬಡ್ಡಕಟ್ಟೆ, ಜಕ್ರಿಬೆಟ್ಟುಗಳ ಅಂಗಳದಲ್ಲಿರುತ್ತದೆ. ಪ್ರತಿ ನೆರೆಯಲ್ಲೂ ಪತ್ರಿಕೆಗಳಲ್ಲಿ ಬರುವ ಹೆಸರುಗಳು ಇವೇ. ಕಾಸರಗೋಡಿನವರ ಪಾಡು ಇನ್ನೂ ವಿಚಿತ್ರ: ಸುಳ್ಯದಲ್ಲಿ ಪಯಸ್ವಿನಿಯಾಗಿ ಏರಿದ ನೀರೇ ಅವರಲ್ಲಿ ಚಂದ್ರಗಿರಿಯಾಗಿ ಬರುತ್ತದೆ. ಮಳೆಯ ಸುದ್ದಿ ಒಂದು ರಾಜ್ಯದ್ದು, ನೆರೆಯ ಸುದ್ದಿ ಇನ್ನೊಂದು ರಾಜ್ಯದ್ದು. ಅವರು ಎರಡು ಭಾಷೆಯ ಪತ್ರಿಕೆ ಓದಬೇಕು.

ಉತ್ತರ ಕರ್ನಾಟಕದ ಲೆಕ್ಕವೇ ಬೇರೆ. ಕೃಷ್ಣೆಯ ನೆರೆ ಹುಟ್ಟುವುದು ಮಹಾರಾಷ್ಟ್ರದ ಘಟ್ಟದಲ್ಲಿ. ಅದು ದಿನಗಟ್ಟಲೆ ನಡೆದು ಬರುತ್ತದೆ. ಬಾಗಲಕೋಟೆ ಕಡೆಯವರು ನೋಡಬೇಕಾದದ್ದು ಕೊಯ್ನಾದಿಂದ ಎಷ್ಟು ಬಿಟ್ಟರು, ಆಲಮಟ್ಟಿಗೆ ಎಷ್ಟು ಬಂತು, ಎಷ್ಟು ಹೋಯಿತು ಎಂಬುದನ್ನು. ಆ ಅಂಕಿಗಳು ಮೀಟರಿನಲ್ಲಿಲ್ಲ, ಕ್ಯೂಸೆಕ್ಕಿನಲ್ಲಿವೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಸುಮಾರು 11,574 ಕ್ಯೂಸೆಕ್ ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ. 2019ರ ಆಗಸ್ಟಿನಲ್ಲಿ ಆಲಮಟ್ಟಿಯಿಂದ 5 ಲಕ್ಷ ಕ್ಯೂಸೆಕ್ಕಿಗೂ ಹೆಚ್ಚು ಬಿಟ್ಟಿದ್ದರು. ಅಂದರೆ ದಿನಕ್ಕೆ ನಲವತ್ತಮೂರು ಟಿಎಂಸಿಗೂ ಮೇಲೆ. ಕೆಆರ್‌ಎಸ್‌ನ ಒಟ್ಟು ಸಾಮರ್ಥ್ಯವೇ 49 ಟಿಎಂಸಿ ಚಿಲ್ಲರೆ ಎಂದು ನೆನೆದರೆ ಇದರ ಗಾತ್ರ ಮನಸ್ಸಿಗೆ ಬರುತ್ತದೆ. ಅಣೆಕಟ್ಟಿನ ಹಿನ್ನೀರು ಏರುವ ಬಗೆಯನ್ನು ನಾ. ಡಿಸೋಜರ 'ದ್ವೀಪ' ಓದಿದವರು ಬಲ್ಲರು; ಅದು ನಿಧಾನವಾಗಿ, ದಿನದಿನವೂ ಕಣ್ಣೆದುರೇ ಏರುವ ನೀರು. ಬಂಟ್ವಾಳದ್ದು ಹಾಗಲ್ಲ, ಒಂದೇ ರಾತ್ರಿಯ ಕೆಲಸ.

ಪಟ್ಟಿ, ರೇಡಾರ್ ಬರುವ ಮೊದಲು ಜನ ಹೊಳೆಯನ್ನು ಅಳೆಯುತ್ತಿರಲಿಲ್ಲವೇ? ಅಳೆಯುತ್ತಿದ್ದರು, ಇಂದಿಗೂ ಅಳೆಯುತ್ತಾರೆ. ಉಪ್ಪಿನಂಗಡಿಯವರಿಗೆ ಸ್ನಾನಘಟ್ಟದಲ್ಲಿ ಇನ್ನೆಷ್ಟು ಮೆಟ್ಟಿಲು ಕಾಣುತ್ತಿದೆ ಎಂಬುದೇ ಮಾಪನ. ಶಿವಮೊಗ್ಗದವರಿಗೆ ತುಂಗೆಯ ನಡುವಿನ, ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ. ಅದು ಮುಳುಗಿತೆಂದರೆ ಊರಿಗೆ ಊರೇ ನೋಡಲು ಬರುತ್ತದೆ. ನಂಜನಗೂಡಿನಲ್ಲಿ ಕಪಿಲೆಯ ಹದಿನಾರು ಕಾಲು ಮಂಟಪ, ಹಂಪಿಯಲ್ಲಿ ಪುರಂದರ ಮಂಟಪ. ಇವೆಲ್ಲ ಕಲ್ಲಿನ ಪಟ್ಟಿಗಳೇ ಅಲ್ಲವೇ? ಈ ಕಲೆ ಅರಬರಿಗೂ ಹೊಸತಲ್ಲ. ಕೈರೋದ ರೋಡಾ ದ್ವೀಪದಲ್ಲಿ ಕ್ರಿ.ಶ. 861ರಲ್ಲಿ ಕಟ್ಟಿಸಿದ ನೈಲ್ ಮಾಪಕ ಇಂದಿಗೂ ಇದೆ: ಬಾವಿಯೊಳಗೆ ನಿಲ್ಲಿಸಿದ ಅಮೃತಶಿಲೆಯ ಕಂಬ, ಅದರ ಮೇಲೆ ಮೊಳದ ಗುರುತು. ನೀರು ಹದಿನಾರು ಮೊಳ ಬಂದರೆ ಸುಭಿಕ್ಷ, ಕಡಿಮೆಯಾದರೆ ಬರ, ತೀರಾ ಹೆಚ್ಚಾದರೆ ನೆರೆ. ಆ ವರ್ಷದ ಕಂದಾಯಕ್ಕೂ ಆ ಕಂಬವೇ ಆಧಾರ. ಕೈರೋಗೆ ಹೋಗುವವರು ಪಿರಮಿಡ್ಡಿನ ಜೊತೆ ಇದನ್ನೂ ನೋಡಿ ಬರಬೇಕೆಂದು ನಮ್ಮ ಶಿಫಾರಸು.

ಊರಿನ ಗುರುತುಗಳ ಬಲವೇ ಅದು: ಅವು ಮೀಟರಿನಲ್ಲಿ ಮಾತಾಡುವುದಿಲ್ಲ, ನಮ್ಮ ಮನೆಯ ಭಾಷೆಯಲ್ಲಿ ಮಾತಾಡುತ್ತವೆ. ದೌರ್ಬಲ್ಯವೂ ಅಲ್ಲೇ ಇದೆ. ಬಂಟ್ವಾಳ ಕಡೆಯ ಹಿರಿಯರಿಗೆ 1974ರ ನೆರೆ ಒಂದು ಕೊನೆಯ ಗೆರೆ; ಅದಕ್ಕೂ ಹಿಂದಿನವರಿಗೆ 1923ರ ಮಾರಿಬೊಳ್ಳ. "ಎಪ್ಪತ್ತನಾಲ್ಕರಲ್ಲೇ ನಮ್ಮ ಜಗಲಿಗೆ ಬರಲಿಲ್ಲ, ಈಗ ಬರುತ್ತದಾ?" ಎಂದು ದೊಡ್ಡಪ್ಪ ಕೇಳಿದರೆ ಫೋನಿನ ಈ ತುದಿಯಲ್ಲಿರುವವರಿಗೆ ಉತ್ತರ ಹೊಳೆಯುವುದಿಲ್ಲ. ಉತ್ತರ ಇದೆ. 1974ರಲ್ಲಿ ನೀರು ಹರಡಿ ನಿಲ್ಲುತ್ತಿದ್ದ ಗದ್ದೆಗಳಿಗೆ ಎಷ್ಟೋ ಕಡೆ ಮಣ್ಣು ತುಂಬಿ ಮನೆ, ಅಂಗಡಿಗಳಾಗಿವೆ. ರಸ್ತೆಗಳು ಎತ್ತರವಾಗಿ ತೋಡಿಗೆ ಅಡ್ಡ ನಿಂತಿವೆ. ಅಷ್ಟೇ ನೀರು ಬಂದರೂ ಈಗ ಅದು ಹೋಗುವ ದಾರಿ ಬೇರೆ. ಹಿರಿಯರ ಗುರುತನ್ನು ತಳ್ಳಿಹಾಕಬೇಕಿಲ್ಲ, ಆದರೆ ಅದನ್ನು ಗರಿಷ್ಠ ಮಿತಿ ಎಂದು ನಂಬಿ ಮಲಗುವುದು ಸರಿಯಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಇನ್ನು ನಾವಿರುವ ನಾಡು. ಇಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ, ಇರುವುದು ವಾದಿಗಳು, ಅಂದರೆ ಒಣಗಿದ ಕಣಿವೆಗಳು. ಹಾಗೆಂದು ನೆರೆಯ ಪಾಠ ಊರಿಗೆ ಮಾತ್ರ ಎಂದುಕೊಳ್ಳುವ ಹಾಗಿಲ್ಲ. 2022ರ ಜುಲೈ ಕೊನೆಯಲ್ಲಿ ಫುಜೈರಾದಲ್ಲಿ ಏಳು ಜನ ಪ್ರವಾಹಕ್ಕೆ ಬಲಿಯಾದರು. 2024ರ ಏಪ್ರಿಲ್ 16ರಂದು ಅಲ್ ಐನ್‌ನ ಖತ್ಮ್ ಅಲ್ ಶಕ್ಲಾದಲ್ಲಿ ಒಂದು ದಿನದೊಳಗೆ 254 ಮಿಲಿಮೀಟರ್ ಮಳೆಯಾಯಿತು. 1949ರಲ್ಲಿ ದಾಖಲೆ ಆರಂಭವಾದಂದಿನಿಂದ ಈ ದೇಶ ಕಂಡ ಅತಿ ಹೆಚ್ಚು ಮಳೆ ಅದು. ದುಬೈ ವಿಮಾನ ನಿಲ್ದಾಣದಲ್ಲಿ ಇಡೀ ವರ್ಷದ ಸರಾಸರಿ ನೂರು ಮಿಲಿಮೀಟರಿಗಿಂತ ಕಡಿಮೆ, ಅಂದು ಒಂದೇ ದಿನ 142. ಆ ವಾರ ಫೋನಿನ ದಿಕ್ಕು ತಿರುಗಿತ್ತು. ಊರಿನಿಂದ ಅಮ್ಮಂದಿರು ಕೇಳುತ್ತಿದ್ದರು, "ಅಲ್ಲಿ ನೀರು ಎಷ್ಟು ಬಂತು?" ಶಾರ್ಜಾದಲ್ಲಿರುವವರು ದಿನಗಟ್ಟಲೆ ಕೆಳಗಿಳಿಯಲಾಗದೆ, "ಪಾರ್ಕಿಂಗಿನ ಕಾರಿನ ಕಿಟಕಿಯ ತನಕ" ಎಂದು ಉತ್ತರಿಸುತ್ತಿದ್ದರು. ಮೀಟರ್ ಯಾರ ಬಾಯಲ್ಲೂ ಬರಲಿಲ್ಲ, ನೋಡಿ!

ವಾದಿಗೂ ನಮ್ಮ ಹೊಳೆಗೂ ಇರುವ ವ್ಯತ್ಯಾಸ ಸಮಯದ್ದು. ನೇತ್ರಾವತಿ ನಮಗೆ ಗಂಟೆಗಳನ್ನು ಕೊಡುತ್ತದೆ, ಕೃಷ್ಣೆ ದಿನಗಳನ್ನು, ವಾದಿ ಕೊಡುವುದು ನಿಮಿಷಗಳನ್ನು. ಹಜರ್ ಬೆಟ್ಟಗಳ ಬೋಳು ಕಲ್ಲು ನೀರು ಕುಡಿಯುವುದಿಲ್ಲ. ನೀವು ನಿಂತಲ್ಲಿ ಬಿಸಿಲಿದ್ದರೂ ಬೆಟ್ಟದಾಚೆ ಸುರಿದ ಮಳೆ ಗೋಡೆಯಂತೆ ಇಳಿದು ಬರಬಹುದು. ಹೊಳೆ ಕಂಡು ಬೆಳೆದ ನಮ್ಮವರಿಗೆ ಮಳೆ ಬಂದ ದಿನ ಹತ್ತಾಕ್ಕೋ ಫುಜೈರಾಕ್ಕೋ ಕಾರು ಓಡಿಸುವ ಆಸೆ ಸಹಜ. ಆದರೆ 2023ರಲ್ಲಿ ಬಂದ ನಿಯಮದ ಪ್ರಕಾರ ಮಳೆಯ ಹೊತ್ತಿನಲ್ಲಿ ವಾದಿ, ಅಣೆಕಟ್ಟುಗಳ ಬಳಿ ಗುಂಪು ಸೇರಿದರೆ 1,000 ದಿರ್ಹಮ್ ದಂಡ, 6 ಕಪ್ಪು ಅಂಕ. ಹರಿಯುವ ವಾದಿಗೆ ಗಾಡಿ ಇಳಿಸಿದರೆ 2,000 ದಿರ್ಹಮ್, 23 ಕಪ್ಪು ಅಂಕ, 60 ದಿನ ಗಾಡಿ ಮುಟ್ಟುಗೋಲು. ನೀರು ಎಷ್ಟೇ ಕಡಿಮೆಯಿದ್ದರೂ ಅಷ್ಟೇ. ಅಳೆಯಲು ಸಮಯವಿಲ್ಲದ ಕಡೆ 'ಹೋಗಲೇಬೇಡಿ' ಎನ್ನುವುದೇ ಮಾಪನ. ನಿಯಮ ಸರಿಯಾಗಿಯೇ ಇದೆ.

ಮತ್ತೆ ಹೊಳೆಬದಿಯ ಮನೆಗೆ ಬರೋಣ. ಮಳೆಗಾಲಕ್ಕೆ ಮುಂಚೆ, ಅಥವಾ ರಜೆಯಲ್ಲಿ ಊರಿಗೆ ಹೋದಾಗ, ಒಂದು ಕೆಲಸ ಮಾಡಿ. ಹಿಂದಿನ ನೆರೆಯಲ್ಲಿ ನೀರು ನಿಮ್ಮ ಮನೆಯ ಯಾವ ಜಾಗಕ್ಕೆ ಬಂದಾಗ ಬಂಟ್ವಾಳದ ಅಂಕಿ ಎಷ್ಟಿತ್ತು ಎಂಬುದನ್ನು ಜೋಡಿಸಿ. ಮನೆಯವರಿಗೆ ದಿನ, ಹೊತ್ತು ನೆನಪಿರುತ್ತದೆ. ಅಂಕಿ ಆ ದಿನದ ಪತ್ರಿಕೆಯಲ್ಲಿರುತ್ತದೆ. ಬಚ್ಚಲಿನ ಕಟ್ಟೆಗೆ ಬಂದದ್ದು ಇಷ್ಟಕ್ಕೆ, ಕೊಟ್ಟಿಗೆಗೆ ಇಷ್ಟಕ್ಕೆ, ರಸ್ತೆಗೆ ಹೋಗುವ ಕಾಲುದಾರಿ ಮುಚ್ಚಿದ್ದು ಇಷ್ಟಕ್ಕೆ. ಕೊನೆಯದೇ ಮುಖ್ಯ, ಮನೆ ಮುಳುಗುವುದಕ್ಕಿಂತ ಎಷ್ಟೋ ಮೊದಲು ದಾರಿ ಮುಳುಗುತ್ತದೆ. ಆ ಮೂರು ಅಂಕಿಗಳನ್ನು ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿ, ಒಂದು ಪ್ರತಿ ನಿಮ್ಮ ಫೋನಿನಲ್ಲಿಟ್ಟುಕೊಳ್ಳಿ. ಆಗ "7.2 ಆಯಿತಂತೆ" ಎನ್ನುವ ಬದಲು "ಅಮ್ಮ, ಇನ್ನು ಮೂರು ಗಂಟೆಯಲ್ಲಿ ಕಾಲುದಾರಿ ಮುಚ್ಚುತ್ತದೆ, ದನದ ಹಗ್ಗ ಬಿಚ್ಚಿ, ಮಾತ್ರೆ ತೆಗೆದುಕೊಂಡು ಮೇಲಿನ ಮನೆಗೆ ಹೋಗಿ" ಎನ್ನಬಹುದು. ಎರಡನೆಯ ಮಾತಿಗೆ "ಹೆದರಬೇಡ ಮಾರಾಯ" ಎಂದು ಉತ್ತರಿಸುವುದು ಕಷ್ಟ.

ಫೋನು ಸಿಗದಿದ್ದರೆ? ನೆರೆಯ ರಾತ್ರಿ ಕರೆಂಟು, ಟವರು ಎರಡೂ ಹೋಗುವುದು ಸಾಮಾನ್ಯ. ಎತ್ತರದ ಜಾಗದಲ್ಲಿ ಮನೆಯಿರುವ ಇಬ್ಬರು ನೆರೆಕರೆಯವರ ನಂಬರ್ ಮೊದಲೇ ಬರೆದುಕೊಂಡು, ಯಾವ ಅಂಕಿಗೆ ಅವರು ಹೋಗಿ ಬಾಗಿಲು ತಟ್ಟಬೇಕೆಂದು ಮಾತಾಡಿಟ್ಟುಕೊಳ್ಳಬೇಕು. ಆಸ್ತಿ ಪತ್ರ, ಪಾಸ್‌ಬುಕ್ಕು ಅಟ್ಟದ ಮೇಲೆ, ಪ್ಲಾಸ್ಟಿಕ್ ಚೀಲದಲ್ಲಿ. ನೀರು ಇಳಿದ ಮೇಲೆ ಬಾವಿಯನ್ನು ಶುದ್ಧಮಾಡದೆ ಅದರ ನೀರು ಕುಡಿಯುವುದು ಬೇಡ. ಮನೆಯೊಳಗೆ ಕಾಲಿಡುವ ಮೊದಲು ಟಾರ್ಚ್ ಹಾಕಿ ಮೂಲೆ ನೋಡಬೇಕು, ನಮ್ಮಂತೆಯೇ ಹಾವುಗಳೂ ಎತ್ತರದ ಜಾಗ ಹುಡುಕಿ ಬಂದಿರುತ್ತವೆ.

ನಿಮ್ಮ ಊರಿನ ಹೊಳೆಗೆ ಯಾವ ಮಂಟಪ, ಯಾವ ಮೆಟ್ಟಿಲು, ಯಾವ ಕಲ್ಲು ಗುರುತು ಎಂಬುದನ್ನು ಬರೆದು ಕಳಿಸಿ, ಸಾಧ್ಯವಾದರೆ ಅದರ ಎದುರು ಅಂಕಿಯನ್ನೂ ಹಾಕಿ. ಬಂದಷ್ಟನ್ನೂ ಹೊಳೆವಾರು ಜೋಡಿಸಿ ಜೂನಿಗೆ ಮೊದಲು ಎಲ್ಲರಿಗೂ ತಲುಪಿಸುತ್ತೇವೆ.